ಪರರ ದನಿ, ತನ್ನ ಗಂಟಲು



"ಗಿಳಿಪಾಠ ಒಪ್ಪಿಸಬೇಡ" ಎಂದು ಮಾಸ್ತರರಿಂದ ಬೈಸಿಕೊಳ್ಳದೆ ಹತ್ತನೆಯ ಇಯತ್ತೆ ದಾಟಿದವರು ನಮ್ಮಲ್ಲಿ ಯಾರೂ ಇರಲಿಕ್ಕಿಲ್ಲ. ಬೇರೆಯವರು ಹೇಳಿದ್ದನ್ನು ತಿಳಿಯದೆ ತಿರುಗಿ ಹೇಳುವುದಕ್ಕೆ ನಮ್ಮ ಭಾಷೆಯಲ್ಲಿ ಗಿಳಿಯ ಹೆಸರೇ ಅಂಟಿಕೊಂಡುಬಿಟ್ಟಿದೆ. ಅಣಕಿಸುವವನು ಹಗುರ ಮನುಷ್ಯ, ಸ್ವಂತದ್ದು ಏನೂ ಇಲ್ಲದವನು ಎಂದು ನಾವೆಲ್ಲ ತಿಳಿದಿದ್ದೇವೆ. ಹಕ್ಕಿಗಳ ಬಗ್ಗೆ ಸ್ವಲ್ಪ ಓದಿ, ಸ್ವಲ್ಪ ಕಿವಿಗೊಟ್ಟು ಕೇಳಿದ ಮೇಲೆ ನನಗೆ ಅನಿಸಿದ್ದೇ ಬೇರೆ. ಒಂದು ಹಕ್ಕಿ ಇನ್ನೊಂದರ ದನಿ ತೆಗೆಯುವುದು ಸಣ್ಣ ವಿದ್ಯೆಯಲ್ಲ. ಅದಕ್ಕೆ ಗಂಟಲು ಬೇಕು, ಕಿವಿ ಬೇಕು, ನೆನಪು ಬೇಕು. ಒಮ್ಮೊಮ್ಮೆ ವ್ಯಾಪಾರಿಯ ಬುದ್ಧಿಯೂ ಬೇಕು. ಹಾಗಾದರೆ ಈ ವಿದ್ಯೆ ಯಾವಾಗ ಆಸ್ತಿ, ಯಾವಾಗ ದಿವಾಳಿ? ಪ್ರಶ್ನೆ ಕಾಮರ್ಸ್ ಓದುವವನದು. ಉತ್ತರ ಹಕ್ಕಿಗಳಿಂದಲೇ ಬರಲಿ.

ತಂತಿಯ ಮೇಲೆ ನಾಯಿಮರಿ

ನಾನು ಪುಣೆಯ ವಿಮಾನ ನಗರದಲ್ಲಿ ಸೋದರಮಾವನ ಮನೆಯಲ್ಲಿದ್ದು ಬಿ.ಕಾಂ. ಓದುತ್ತೇನೆ. ಹೆಸರಿಗೆ ತಕ್ಕಂತೆ ಪಕ್ಕದಲ್ಲೇ ಲೋಹಗಾಂವ ವಿಮಾನ ನಿಲ್ದಾಣ. ವಾಯುಪಡೆಯ ಜೆಟ್ಟುಗಳೂ ಅದೇ ಓಡುದಾರಿಯಿಂದ ಏಳುತ್ತವೆ. ಅವು ಎದ್ದಾಗ ಮಾತಾಡುತ್ತಿದ್ದವರು ಬಾಯಿ ಮುಚ್ಚಿ, ಸದ್ದು ಕಳೆದ ಮೇಲೆ ಬಿಟ್ಟಲ್ಲಿಂದ ಮುಂದುವರಿಸುವುದು ಇಲ್ಲಿನ ರೂಢಿ. ಇಂಥಲ್ಲಿ ಹಕ್ಕಿಯ ದನಿ ಕೇಳುವುದೆಂದರೆ ಜಾತ್ರೆಯೊಳಗೆ ಪಿಸುಮಾತು ಕೇಳಿದಂತೆ. ಆದರೂ ಕೇಳುತ್ತದೆ.

ನಮ್ಮ ಸೊಸಾಯಿಟಿಯ ಹಿಂದೆ ಒಂದು ಖಾಲಿ ಪ್ಲಾಟು ಇದೆ. ಜಾಲಿ ಗಿಡ, ಒಣಹುಲ್ಲು, ಒಡೆದ ಫರಸಿಗಳ ರಾಶಿ. ಕಳೆದ ಚಳಿಗಾಲದಲ್ಲಿ ದಿನಾ ಬೆಳಿಗ್ಗೆ ಅಲ್ಲಿಂದ ನಾಯಿಮರಿ ಕುಂಯ್‌ಗುಡುವ ಸದ್ದು ಬರುತ್ತಿತ್ತು. ಒಂದು ದಿನ ನಾನು ಗೋಡೆಯಾಚೆ ಇಣುಕುತ್ತಿದ್ದಾಗ ಕಲಬುರ್ಗಿ ಕಡೆಯ ವಾಚಮನ್ ಕಾಕಾ ನಕ್ಕರು. "ತಮ್ಮಾ, ಅಲ್ಲಿ ನಾಯಿ ಇಲ್ಲೋ. ಮ್ಯಾಲೆ ತಂತಿ ಮ್ಯಾಲೆ ನೋಡು, ಹಕ್ಕಿ ಐತಿ." ನೋಡಿದೆ. ಬೂದು ತಲೆ, ಕೆಂಗಂದು ಬೆನ್ನು, ಉದ್ದ ಬಾಲ, ಕಣ್ಣಿನ ಮೇಲೆ ನಾಟಕದ ಕಳ್ಳನಂತೆ ಕಪ್ಪು ಪಟ್ಟಿ. ನಾಯಿಮರಿ ಮುಗಿಸಿ ಅಳಿಲಿನ ಚಿಟಿಚಿಟಿ ಶುರು ಮಾಡಿತು. ಆಮೇಲೆ ಟಿಟ್ಟಿಭದ ಕೂಗು. ಎಲ್ಲವೂ ಮೆಲುದನಿಯಲ್ಲಿ, ತನ್ನಷ್ಟಕ್ಕೆ ತಾನು ಪಾಠ ಒಪ್ಪಿಸಿಕೊಂಡಂತೆ.

ಇದು ಕಳಿಂಗ ಹಕ್ಕಿ. ಮರಾಠಿಯವರು ಇದನ್ನು ಖಾಟೀಕ ಎನ್ನುತ್ತಾರೆ, ಅಂದರೆ ಕಟುಕ. ಹಿಡಿದ ಮಿಡತೆ, ಹಲ್ಲಿಗಳನ್ನು ಮುಳ್ಳಿಗೆ ಸಿಕ್ಕಿಸಿಟ್ಟು ಹರಿದು ತಿನ್ನುವುದರಿಂದ ಈ ಹೆಸರು. ಉದ್ದ ಬಾಲದ ಕಳಿಂಗ ಟಿಟ್ಟಿಭ, ಕೋಗಿಲೆ ಜಾತಿಯ ಹಕ್ಕಿಗಳು, ಅಳಿಲು, ನಾಯಿಮರಿ ಇವುಗಳ ದನಿ ತೆಗೆಯುವುದನ್ನು ಹಕ್ಕಿಶಾಸ್ತ್ರದವರು ಹಿಂದೆಯೇ ಬರೆದಿಟ್ಟಿದ್ದಾರೆ. ವಾಚಮನ್ ಕಾಕಾ ಅದನ್ನು ಓದಿರಲಿಲ್ಲ. ರಾತ್ರಿಪಾಳಿ ಮುಗಿಯುವ ಹೊತ್ತಿಗೆ ಕಿವಿ ತೆರೆದಿಟ್ಟಿದ್ದರು, ಅಷ್ಟೇ.

ನಮ್ಮ ಕಡೆಯ ಅಣಕುಗಾರರು

ಅಣಕು ಹಕ್ಕಿ ಎಂದರೆ ಪುಸ್ತಕಗಳಲ್ಲಿ ಮೊದಲು ಬರುವುದು ಅಮೆರಿಕದ ಮಾಕಿಂಗ್ ಬರ್ಡ್. ಹಾರ್ಪರ್ ಲೀ ಅವರ 1960ರ ಕಾದಂಬರಿಯ ಹೆಸರಿನಲ್ಲಿ ಇರುವುದೂ ಅದೇ. ಅದರ ಶಾಸ್ತ್ರೀಯ ಹೆಸರಿನ ಅರ್ಥ 'ಹಲವು ನಾಲಗೆಯ ನಕಲುಗಾರ' ಎಂದು. ಇತರ ಹಕ್ಕಿಗಳ ಹಾಡು, ಕಪ್ಪೆಯ ವಟವಟ, ಮೋಟಾರಿನ ಕಳ್ಳಗಂಟೆ, ಎಲ್ಲವನ್ನೂ ಅದು ಪೋಣಿಸಿ ಹಾಡುತ್ತದೆ. ಆ ಹಕ್ಕಿ ನಮ್ಮ ದೇಶದಲ್ಲಿಲ್ಲ. ಅದಕ್ಕೆ ಕೊರಗಬೇಕಾದದ್ದೂ ಇಲ್ಲ. ನಮ್ಮಲ್ಲಿ ಆ ಕಸುಬಿನವರು ಬೇಕಾದಷ್ಟು ಇದ್ದಾರೆ.

ಕಳಿಂಗದ ಮಾತು ಆಯಿತು. ಹೊಲದಲ್ಲಿ ಎಮ್ಮೆಯ ಬೆನ್ನೇರಿ ಕೂಡುವ ಕವಲುಬಾಲದ ಕಾಜಾಣ ಇನ್ನೊಂದು. ಅದರ ಮಲೆನಾಡಿನ ಅಣ್ಣ ಭೀಮರಾಜ. ಬಾಲದ ತುದಿಗೆ ಎರಡು ತೆಳ್ಳನೆಯ ತಂತಿ, ತಂತಿಯ ಕೊನೆಗೆ ಒಂದೊಂದು ಪುಕ್ಕ. ದಾಂಡೇಲಿ, ಕೊಡಗಿನ ಕಾಡು ಹೊಕ್ಕವರು ಹತ್ತು ಹಕ್ಕಿಗಳ ದನಿ ಕೇಳಿ ತಲೆಯೆತ್ತಿದರೆ ಭೀಮರಾಜ ಒಬ್ಬನೇ ಕೂತಿರುತ್ತಾನೆ. ಎಲೆಯ ನಡುವೆ ಎಲೆಯಂತೆಯೇ ಇರುವ ಎಲೆಹಕ್ಕಿಯೂ ಗಟ್ಟಿ ನಕಲುಗಾರ. ಇನ್ನು ಬಯಲುಸೀಮೆಯ ಜುಟ್ಟಿನ ನೆಲಗುಬ್ಬಿ ಒಂದಿದೆ. ಅದಕ್ಕೂ ಪುಣೆಗೂ ಹಳೆಯ ನಂಟು, ಅದನ್ನು ಮುಂದೆ ಹೇಳುತ್ತೇನೆ.

ಗಂಟಲಿನ ಗುಟ್ಟು

ನಮ್ಮ ಧ್ವನಿಪೆಟ್ಟಿಗೆ ಇರುವುದು ಗಂಟಲಿನ ಮೇಲ್ಭಾಗದಲ್ಲಿ. ಹಕ್ಕಿಯದು ಕೆಳಗೆ, ಶ್ವಾಸನಾಳ ಎರಡು ಕವಲಾಗಿ ಎರಡು ಶ್ವಾಸಕೋಶಗಳಿಗೆ ಹೋಗುವ ಜಾಗದಲ್ಲಿ. ಹಾಡುಹಕ್ಕಿಗಳಲ್ಲಿ ಈ ಎರಡು ಕವಲುಗಳ ಸ್ನಾಯುಗಳು ಬೇರೆ ಬೇರೆಯಾಗಿ ಕೆಲಸ ಮಾಡಬಲ್ಲವು. ಒಂದೇ ಹೊತ್ತಿಗೆ ಎರಡು ಸ್ವರ, ಅಥವಾ ಒಂದು ಕಡೆ ನಿಂತ ಸ್ವರವನ್ನು ಇನ್ನೊಂದು ಕಡೆ ಎತ್ತಿಕೊಳ್ಳುವುದು ಅವಕ್ಕೆ ಸಾಧ್ಯ. ಒಬ್ಬನೇ ಕೂತು ಜುಗಲಬಂದಿ ಮಾಡಿದ ಹಾಗೆ.

ಯಂತ್ರ ಇದ್ದ ಮಾತ್ರಕ್ಕೆ ಆಗುವುದಿಲ್ಲ, ಕಲಿಯುವ ಮೆದುಳೂ ಬೇಕು. ಕೇಳಿದ ದನಿಯನ್ನು ನೆನಪಿಟ್ಟು, ತನ್ನ ಗಂಟಲಿನಿಂದ ಅದನ್ನೇ ಹೊರಡಿಸಲು ಕಲಿಯುವ ಶಕ್ತಿ ಜೀವಲೋಕದಲ್ಲಿ ಅಪರೂಪ. ಹಕ್ಕಿಗಳಲ್ಲಿ ಮುಖ್ಯವಾಗಿ ಮೂರು ಗುಂಪಿಗೆ ಅದು ಇದೆ: ಹಾಡುಹಕ್ಕಿಗಳು, ಗಿಳಿಗಳು, ಅಮೆರಿಕದ ಝೇಂಕಾರದ ಹಕ್ಕಿಗಳು. ಸಸ್ತನಿಗಳಲ್ಲಿ ಮನುಷ್ಯ, ತಿಮಿಂಗಿಲ, ಡಾಲ್ಫಿನ್, ಬಾವಲಿ, ಆನೆ, ಸೀಲು. ನಮ್ಮ ಮನೆಯ ಆಕಳು ಮೂವತ್ತು ವರ್ಷ ಎಮ್ಮೆಯ ಜತೆ ಒಂದೇ ಕೊಟ್ಟಿಗೆಯಲ್ಲಿದ್ದರೂ ಎಮ್ಮೆಯಂತೆ ಕೂಗಲು ಕಲಿಯುವುದಿಲ್ಲ.

ಇಲ್ಲಿ ಕೋಗಿಲೆಯನ್ನು ನೆನಪಿಸಿಕೊಳ್ಳಬೇಕು. ಕವಿಗಳ ಮುದ್ದಿನ ಕೋಗಿಲೆ ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುತ್ತದೆ. ಅದಕ್ಕೇ 'ಪರಭೃತ' ಎಂಬ ಹೆಸರು. ಮರಿ ಕಣ್ಣುಬಿಟ್ಟಾಗಿನಿಂದ ಹತ್ತಿರ ಕೇಳುವುದು ಕಾಗೆಯ 'ಕಾ ಕಾ'. ಆದರೂ ದೊಡ್ಡದಾದ ಮೇಲೆ ಗಂಡು 'ಕುಹೂ' ಎಂದೇ ಕೂಗುತ್ತದೆ. ಅದರ ಕೂಗು ಹುಟ್ಟಿನಿಂದಲೇ ಬಂದದ್ದು, ಯಾರೂ ಕಲಿಸಬೇಕಾಗಿಲ್ಲ. ಯಾರೂ ಕೆಡಿಸಲೂ ಆಗುವುದಿಲ್ಲ. ಹಾಡುಹಕ್ಕಿಗಳಿಗೆ ಈ ಅನುಕೂಲ ಇಲ್ಲ. ಅವುಗಳ ಮರಿ ಮೊದಲು ಕೇಳಬೇಕು, ನಂತರ ತೊದಲಬೇಕು, ತೊದಲಿ ತೊದಲಿ ತಿದ್ದಿಕೊಳ್ಳಬೇಕು. ಕೆಲವು ಜಾತಿಗಳಿಗೆ ಎಳೆತನ ಮುಗಿಯಿತೆಂದರೆ ಕಲಿಕೆಯ ಬಾಗಿಲು ಮುಚ್ಚುತ್ತದೆ. ಮೈನಾದ ಬಂಧುವಾದ ಸ್ಟಾರ್ಲಿಂಗ್‌ನಂಥವು ಬದುಕಿರುವಷ್ಟು ಕಾಲ ಹೊಸ ದನಿ ಕಲಿಯುತ್ತವೆ.

ಅಂದರೆ ಕಲಿಯುವ ಹಕ್ಕಿಗೆ ಸ್ವಂತ ಹಾಡು ಕೂಡ ಕೇಳಿ ಪಡೆದದ್ದೇ. ಇದನ್ನು ನೆನಪಿಡಿ, ನನ್ನ ಲೇಖನವೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ.

ಲಾಭವೇನು?

ಇನ್ನು ಲೆಕ್ಕಕ್ಕೆ ಬರೋಣ. ಬೇರೆಯವರ ದನಿ ತೆಗೆದರೆ ಹಕ್ಕಿಗೆ ಸಿಗುವುದೇನು?

ಮೊದಲನೆಯದು ಶುದ್ಧ ಕಳ್ಳತನ. ನಮ್ಮ ಕಾಜಾಣ ಶಿಕ್ರಾ ಎಂಬ ಸಣ್ಣ ಗಿಡುಗನ ಕೂಗು ಹಾಕಿ, ಮೈನಾಗಳು ಹೆದರಿ ಹಾರಿದ ಮೇಲೆ ಅವು ಬಿಟ್ಟ ಹುಳ ತಿನ್ನುವುದನ್ನು ನೋಡಿದವರಿದ್ದಾರೆ. ಇದೇ ಕುಲದ ಆಫ್ರಿಕದ ಹಕ್ಕಿಯನ್ನು ಟಾಮ್ ಫ್ಲವರ್ ಎಂಬ ವಿಜ್ಞಾನಿ ಕಲಹರಿ ಮರುಭೂಮಿಯಲ್ಲಿ ಬೆನ್ನುಹತ್ತಿ ಅಭ್ಯಸಿಸಿ, 2014ರಲ್ಲಿ ಜತೆಗಾರರೊಂದಿಗೆ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಅಲ್ಲಿನ ಕಾಜಾಣ ಮೀರ್‌ಕ್ಯಾಟ್ ಎಂಬ ಮುಂಗುಸಿ ಜಾತಿಯ ಪ್ರಾಣಿಗಳ ಬಳಿ ಕಾವಲು ಕೂಡುತ್ತದೆ. ಗಿಡುಗ ನಿಜವಾಗಿ ಬಂದಾಗ ಕೂಗಿ ಎಚ್ಚರಿಸುತ್ತದೆ. ಹೀಗೆ ನಂಬಿಕೆ ಗಳಿಸಿ, ಮೀರ್‌ಕ್ಯಾಟ್ ಒಳ್ಳೆಯ ದಪ್ಪ ಹುಳ ಅಗೆದು ತೆಗೆದಾಗ ಸುಳ್ಳು ಕೂಗು ಹಾಕುತ್ತದೆ. ಅವು ಓಡಿದವು, ಹುಳ ಇದಕ್ಕೆ. ಎರಡು ಮೂರು ಸಲಕ್ಕೆ ಅವು ಎಚ್ಚತ್ತು ಓಡುವುದು ಬಿಟ್ಟರೆ ಕಾಜಾಣ ದನಿ ಬದಲಿಸುತ್ತದೆ: ಇನ್ನೊಂದು ಹಕ್ಕಿಯ ಎಚ್ಚರಿಕೆ ಕೂಗು, ಇಲ್ಲವೆ ಮೀರ್‌ಕ್ಯಾಟಿನದೇ ಕೂಗು! ದಿನದ ಆಹಾರದಲ್ಲಿ ಸುಮಾರು ಶೇಕಡಾ 23 ಪಾಲು ಹೀಗೆ ಕದ್ದದ್ದು ಎಂದು ಲೆಕ್ಕ ಸಿಕ್ಕಿದೆ. ನಮ್ಮ ಅಕೌಂಟನ್ಸಿ ಪುಸ್ತಕದಲ್ಲಿ 'ಗುಡ್‌ವಿಲ್' ಎಂಬ ಬಾಬತ್ತು ಇದೆಯಲ್ಲ, ಕಣ್ಣಿಗೆ ಕಾಣದ ಆಸ್ತಿ? ಅದನ್ನು ಈ ಹಕ್ಕಿಯಷ್ಟು ಚೆನ್ನಾಗಿ ತಿಳಿದವರು ನಮ್ಮ ಕ್ಲಾಸಿನಲ್ಲಿ ಕಡಿಮೆ.

ಎರಡನೆಯದು ಜನ ಕೂಡಿಸುವುದು. ಶ್ರೀಲಂಕಾದ ಸಿಂಹರಾಜ ಕಾಡಿನಲ್ಲಿ ಎಬೆನ್ ಗುಡೇಲ್ ಮತ್ತು ಸರತ್ ಕೋಟಗಾಮ ಅಲ್ಲಿನ ಭೀಮರಾಜನನ್ನು ಅಭ್ಯಸಿಸಿ 2006ರಲ್ಲಿ ಬರೆದರು. ಅವರು ಕಂಡ ಸಂಗತಿ ಬಹಳ ಸೊಗಸಿನದು. ಭೀಮರಾಜ ಮನಸ್ಸಿಗೆ ಬಂದಾಗ ಬಂದ ದನಿ ತೆಗೆಯುವುದಿಲ್ಲ. ಅಪಾಯ ಕಂಡಾಗ ತನ್ನ ಕೂಗಿನ ಜತೆ ಇತರ ಹಕ್ಕಿಗಳ ಅಪಾಯದ ಕೂಗುಗಳನ್ನೇ ಸೇರಿಸುತ್ತದೆ. ಅಪಾಯವಿಲ್ಲದಾಗ ಅವುಗಳ ಹಾಡು, ಅವು ತಮ್ಮ ಜೊತೆಗಾರರನ್ನು ಕರೆಯುವ ದನಿ. ಆ ದನಿಗೆ ಬೇರೆ ಬೇರೆ ಜಾತಿಯ ಹಕ್ಕಿಗಳು ಬಂದು ಸೇರುತ್ತವೆ. ಅವು ಎಲೆ ಕೆದಕಿದಾಗ ಏಳುವ ಹುಳ ಭೀಮರಾಜನಿಗೆ; ಭೀಮರಾಜನ ಕಾವಲು ಅವಕ್ಕೆ. ಒಬ್ಬೊಬ್ಬ ಗಿರಾಕಿಯ ಜತೆ ಅವನ ಮಾತಿನಲ್ಲೇ ಮಾತಾಡುವ ಸೊಲ್ಲಾಪುರದ ಚಾದರದ ಅಂಗಡಿಕಾರನನ್ನು ನೋಡಿದ್ದರೆ ಇದು ತಟ್ಟನೆ ತಿಳಿಯುತ್ತದೆ: ಮರಾಠಿ, ಕನ್ನಡ, ತೆಲುಗು, ಹಿಂದಿ, ನಿಮಗೆ ಯಾವುದು ಬೇಕು?

ಮೂರನೆಯದು ಮದುವೆಯ ಮಾತು. ಮಾಕಿಂಗ್ ಬರ್ಡ್‌ನಂಥ ಜಾತಿಗಳಲ್ಲಿ ಗಂಡಿನ ಹಾಡಿನ ಸಂಗ್ರಹ ದೊಡ್ಡದಿದ್ದಷ್ಟೂ ಹೆಣ್ಣಿಗೆ ಅವನ ವಯಸ್ಸು, ಅನುಭವ, ಆರೋಗ್ಯಗಳ ಗುರುತು ಸಿಗುತ್ತದೆ ಎಂಬುದು ಪಂಡಿತರ ವಾದ. ಎಲ್ಲ ಅಣಕಕ್ಕೂ ಒಂದೇ ಕಾರಣ ಹೇಳಲಾಗುವುದಿಲ್ಲ. ಈ ಮೂರೂ ಕಡೆ ಒಂದು ಸಂಗತಿ ಮಾತ್ರ ಸಮಾನ. ಕಾಜಾಣಕ್ಕೆ ಕಾಜಾಣದ ಮಾತು ಬರುತ್ತದೆ, ಭೀಮರಾಜನಿಗೆ ಭೀಮರಾಜನದು. ಪರರ ದನಿ ಅವುಗಳಿಗೆ ಮೇಲಿನ ಗಳಿಕೆ. ಮೂಲ ಬಂಡವಾಳ ಪೆಟ್ಟಿಗೆಯಲ್ಲಿ ಭದ್ರ.

ಪಂಜರದ ಪಂಡಿತ

ಮಾತಾಡುವ ಹಕ್ಕಿ ಎಂದು ಹೆಸರಾದ ಬೆಟ್ಟದ ಮೈನಾದ ಕತೆ ಇದಕ್ಕಿಂತ ಬೇರೆ. ಪಂಜರದಲ್ಲಿ ಅದು ಮನುಷ್ಯರ ದನಿಯನ್ನು ಹೇಗೆ ತೆಗೆಯುತ್ತದೆಂದರೆ ಪಕ್ಕದ ಕೋಣೆಯಲ್ಲಿ ಇದ್ದವರು ಮೋಸ ಹೋಗಬೇಕು. ಆದ್ದರಿಂದ ಕಾಡಿನಲ್ಲಿ ಅದು ಎಲ್ಲ ಹಕ್ಕಿಗಳ ಅಣಕ ಮಾಡುತ್ತಿರಬೇಕು ಎಂದು ಬಹಳ ಜನ ತಿಳಿದಿದ್ದರು. ಬ್ರಯನ್ ಬರ್ಟ್ರಮ್ ಎಂಬವರು ಅಸ್ಸಾಮಿನ ಕಾಡಿನಲ್ಲಿ ಕೂತು ಕೇಳಿ 1970ರಲ್ಲಿ ಪ್ರಕಟಿಸಿದ ಅಧ್ಯಯನ ಈ ನಂಬಿಕೆಯನ್ನು ತಲೆಕೆಳಗು ಮಾಡಿತು. ಕಾಡಿನ ಮೈನಾ ಬೇರೆ ಜಾತಿಯ ದನಿ ತೆಗೆಯುವುದೇ ಇಲ್ಲ! ತನ್ನ ನೆರೆಹೊರೆಯ ಮೈನಾಗಳಿಂದ ಮಾತ್ರ ಕಲಿಯುತ್ತದೆ. ಗಂಡು ಗಂಡಿನಿಂದ, ಹೆಣ್ಣು ಹೆಣ್ಣಿನಿಂದ. ಹೀಗಾಗಿ ಒಂದೊಂದು ಸೀಮೆಯ ಮೈನಾಗಳಿಗೆ ಒಂದೊಂದು ಆಡುಮಾತು. ಸುಮಾರು 15 ಕಿಲೋಮೀಟರಿನಾಚೆಯ ಮೈನಾಗಳ ನಡುವೆ ಸಮಾನವಾದ ಒಂದು ಕೂಗೂ ಉಳಿಯುವುದಿಲ್ಲ. ಧಾರವಾಡದ ಕನ್ನಡಕ್ಕೂ ಮಂಗಳೂರಿನ ಕನ್ನಡಕ್ಕೂ ಇರುವ ಫರಕು ಇದರ ಮುಂದೆ ಏನೂ ಅಲ್ಲ.

ಹಾಗಾದರೆ ಪಂಜರದ ಮೈನಾ ನಮ್ಮ ಮಾತು ಆಡುವುದು ಏಕೆ? ಕಲಿಯುವ ಹಸಿವು ಹುಟ್ಟಿನಿಂದಲೇ ಇದೆ, ಕಲಿಸುವ ಮೈನಾ ಹತ್ತಿರ ಇಲ್ಲ. ಸಿಕ್ಕ ದನಿಯನ್ನು ಎತ್ತಿಕೊಳ್ಳುತ್ತದೆ. ಅದರ ಜಾಣತನ ಕಂಡು ನಾವು ಚಪ್ಪಾಳೆ ತಟ್ಟುತ್ತೇವೆ. ನಿಜಕ್ಕೂ ನಮಗೆ ಕೇಳುತ್ತಿರುವುದು ಅದರ ಒಂಟಿತನ. (1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಬೆಟ್ಟದ ಮೈನಾವನ್ನಾಗಲಿ ನಮ್ಮ ಹಸಿರು ಗಿಳಿಯನ್ನಾಗಲಿ ಹಿಡಿದು ಸಾಕುವುದು ಅಪರಾಧ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.)

ತನ್ನ ಹಾಡು ಮರೆತ ಹಕ್ಕಿ

ಪಂಜರದಲ್ಲಿ ಆದದ್ದು ಬಯಲಿನಲ್ಲೂ ಆಗಬಹುದೆ? ಆಗಿದೆ. ಆಸ್ಟ್ರೇಲಿಯಾದ ಆಗ್ನೇಯ ಭಾಗದಲ್ಲಿ ರೀಜೆಂಟ್ ಹನಿ ಈಟರ್ ಎಂಬ ಹಕ್ಕಿಯಿದೆ. ಕಪ್ಪು ಹಳದಿ ಮೈಯ, ಹೂವಿನ ಜೇನು ಹೀರುವ ಹಾಡುಹಕ್ಕಿ. ಒಂದು ಕಾಲಕ್ಕೆ ನೂರಾರು ಹಕ್ಕಿಗಳ ಹಿಂಡು ತಿರುಗುತ್ತಿದ್ದವು. ಅವುಗಳ ಕಾಡು ಕಡಿದು ಹೊಲ ಮಾಡಿದ ಮೇಲೆ ಉಳಿದದ್ದು ಮುನ್ನೂರರ ಆಸುಪಾಸು, ಅವೂ ಅಲ್ಲೊಂದು ಇಲ್ಲೊಂದು ಚದುರಿ. ರಾಸ್ ಕ್ರೇಟ್ಸ್ ಮತ್ತು ಸಂಗಡಿಗರು ಈ ಹಕ್ಕಿಗಳ ಹಾಡು ಕೂಡಿಸಿ 2021ರಲ್ಲಿ ಪ್ರಕಟಿಸಿದ ಸಂಗತಿ ಓದಿದಾಗ ನನಗೆ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂಡುವಂತಾಯಿತು. ಗಂಡುಗಳಲ್ಲಿ ಶೇಕಡಾ 12ರಷ್ಟಕ್ಕೆ ತಮ್ಮ ಜಾತಿಯ ಹಾಡೇ ಬರುತ್ತಿರಲಿಲ್ಲ. ಅವು ಬೇರೆ ಜಾತಿಯ ಹಕ್ಕಿಗಳ ಹಾಡು ಹಾಡುತ್ತಿದ್ದವು.

ಯಾರೂ ಅವುಗಳ ಬಾಯಿ ಕಟ್ಟಿರಲಿಲ್ಲ. ಮರಿ ಕಿವಿ ತೆರೆದ ಹೊತ್ತಿಗೆ ಕೇಳುವಷ್ಟು ದೂರದಲ್ಲಿ ಹಾಡುವ ಹಿರಿಯ ಇರಲಿಲ್ಲ, ಅಷ್ಟೇ. ಪರಿಣಾಮ? ಹಾಡು ತಪ್ಪಿದ ಗಂಡುಗಳಿಗೆ ಜೋಡಿ ಸಿಗುವುದು, ಗೂಡು ಕಟ್ಟುವುದು ಇತರ ಗಂಡುಗಳಿಗಿಂತ ಕಡಿಮೆ. ಸಂಖ್ಯೆ ಕಡಿಮೆಯಾಗಿ ಹಾಡು ಹೋಯಿತು, ಹಾಡು ಹೋದದ್ದಕ್ಕೆ ಸಂಖ್ಯೆ ಮತ್ತೂ ಕಡಿಮೆಯಾಗುತ್ತದೆ. ನಷ್ಟದ ಮೇಲೆ ಬಡ್ಡಿ ಬೆಳೆದಂತೆ. ಈಗ ಸಿಡ್ನಿಯ ಟರೋಂಗಾ ಮೃಗಾಲಯದಲ್ಲಿ ಸಾಕಿದ ಮರಿಗಳಿಗೆ ಹಳೆಯ ಹಾಡಿನ ಧ್ವನಿಮುದ್ರಣ ಕೇಳಿಸಿ, ಹಾಡು ಬಲ್ಲ ಗಂಡುಗಳ ಜತೆ ಇರಿಸಿ ಪಾಠ ಹೇಳಿಸುತ್ತಿದ್ದಾರೆ. ಅಂದರೆ ಆ ಹಕ್ಕಿಗಳಿಗೆ ಸ್ವಂತ ಭಾಷೆಯ ಶಾಲೆ ತೆರೆಯಬೇಕಾಗಿ ಬಂದಿದೆ.

ಮಾಳದ ಹಾಡುಗಾರ

ಈಗ ಪುಣೆಯ ನೆಲಗುಬ್ಬಿಗೆ ಬರುತ್ತೇನೆ. ಕರ್ನಲ್ ವಿಲಿಯಂ ಹೆನ್ರಿ ಸೈಕ್ಸ್ ಎಂಬ ಬ್ರಿಟಿಷ್ ಅಧಿಕಾರಿ 1824ರಿಂದ ಮುಂಬಯಿ ಸರಕಾರದ ಪರವಾಗಿ ಅಂಕಿಸಂಖ್ಯೆ ಕೂಡಿಸುತ್ತ ದಖ್ಖನ್ ಸೀಮೆ ತಿರುಗಿದ. ಜನ, ಬೆಳೆ, ಮಳೆಗಳ ಲೆಕ್ಕದ ಜತೆ ಹಕ್ಕಿಗಳ ಲೆಕ್ಕವನ್ನೂ ಬರೆದುಕೊಂಡ. 1832ರಲ್ಲಿ ಅವನು ಶಾಸ್ತ್ರಲೋಕಕ್ಕೆ ಪರಿಚಯಿಸಿದ ಹಕ್ಕಿಗಳಲ್ಲಿ ಒಂದು ಈ ಜುಟ್ಟಿನ ನೆಲಗುಬ್ಬಿ. ಅದರ ಶಾಸ್ತ್ರೀಯ ಹೆಸರಿನಲ್ಲಿ ಅವನು ಇಟ್ಟ 'ದೇವ' ಎಂಬ ಪದ ಇಂದಿಗೂ ಇದೆ. ಮಣ್ಣು ಬಣ್ಣದ ಈ ಹಕ್ಕಿ ಹಾಡುತ್ತ ಆಕಾಶಕ್ಕೆ ಏರುತ್ತದೆ, ಹಾಡಿನೊಳಗೆ ನೆರೆಯ ಹಕ್ಕಿಗಳ ದನಿ ಪೋಣಿಸುತ್ತದೆ. ಅದಕ್ಕೆ ಬೇಕಾದದ್ದು ಮರವಿಲ್ಲದ, ಕಲ್ಲು ಹುಲ್ಲಿನ ಬಯಲು. ಮರಾಠಿಯಲ್ಲಿ ಮಾಳರಾನ, ನಮ್ಮಲ್ಲಿ ಮಾಳ ಅಥವಾ ಮಡ್ಡಿ. ಸಾಸವಡದ ಕಡೆ ಹೋದರೆ ಅಂಥ ಬಯಲು ಇನ್ನೂ ಸಿಗುತ್ತದೆ.

ಕಾಗದಪತ್ರದಲ್ಲಿ ಇಂಥ ನೆಲಕ್ಕೆ ಎಷ್ಟೋ ಸಲ ಬಂಜರು ಭೂಮಿ ಎಂದು ಹೆಸರು. ಬಂಜರು ಎಂದಮೇಲೆ ಪ್ಲಾಟು ಬೀಳುವುದಕ್ಕೆ ತಡವೇನು? ನೆರೆಯವರು ಹೋದರೆ ಅಣಕುಗಾರನ ಹಾಡೂ ಬಡವಾಗುತ್ತದೆ. ಆಸ್ಟ್ರೇಲಿಯಾದ ಆಲ್ಬರ್ಟ್ ಲೈರ್‌ಬರ್ಡ್ ಎಂಬ ನಕಲುಗಾರನಲ್ಲಿ ಇದು ಲೆಕ್ಕಕ್ಕೇ ಸಿಕ್ಕಿದೆ: ಸಣ್ಣ ಕಾಡಿನ ತುಂಡಿನಲ್ಲಿರುವ ಗಂಡುಗಳಿಗೆ ಬರುವ ದನಿಗಳ ಬಗೆ ದೊಡ್ಡ ಕಾಡಿನವುಗಳಿಗಿಂತ ಕಡಿಮೆ. ಅಣಕು ಹಕ್ಕಿಯ ಹಾಡು ಒಂದು ಊರಿನ ಜನಗಣತಿ ಇದ್ದಂತೆ. ಯಾರು ಇದ್ದಾರೆ, ಯಾರು ಊರು ಬಿಟ್ಟರು ಎಂಬುದೆಲ್ಲ ಅದರಲ್ಲಿ ದಾಖಲು.

ನಮ್ಮ ಪಾಲಿಗೆ

ಇದನ್ನು ಕನ್ನಡ ಸಂಘದ ಪತ್ರಿಕೆಯಲ್ಲಿ ಏಕೆ ಬರೆದೆ ಎಂದು ನೀವು ಕೇಳಬಹುದು. ನಾನು ಜತ್ತ ತಾಲೂಕಿನ ಕನ್ನಡ ಶಾಲೆಯಲ್ಲಿ ಓದಿದವನು. ಮಹಾರಾಷ್ಟ್ರದ ನೆಲ, ಕನ್ನಡದ ಪಾಠ. ಪುಣೆಗೆ ಬಂದು ಪೇಟೆಯ ಮರಾಠಿ, ಕಾಲೇಜಿನ ಇಂಗ್ಲೀಷು, ರಿಕ್ಷಾದವರ ಹಿಂದಿ, ಎಲ್ಲವನ್ನೂ ಭೀಮರಾಜನ ಹಾಗೆ ಕೇಳಿ ಕೇಳಿಯೇ ಕಲಿತೆ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ನಾನು ನಾಲ್ಕು ದನಿ ತೆಗೆದರೂ ಮೂಲ ಬಂಡವಾಳ ಊರಿನಲ್ಲಿಯೇ ಸಿಕ್ಕಿತ್ತು.

ಮಾವನ ಮಗಳು ಆರು ವರ್ಷದವಳು. ಅವಳ ಲೆಕ್ಕ ಬೇರೆ. ಅಣಕದಲ್ಲಿ ಅವಳನ್ನು ಮೀರಿಸುವವರಿಲ್ಲ. ಲಿಫ್ಟಿನೊಳಗಿನ ಹೆಂಗಸಿನ ದನಿ, ಭಾಜಿ ಮಾರುವವನ ಕೂಗು, ಎಲ್ಲ ಬರುತ್ತದೆ. ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ. ಮಾವ, ಅತ್ತಿ ಇಬ್ಬರೂ ನೌಕರಿಯವರು. ಬೆಳಿಗ್ಗೆ ಎಂಟಕ್ಕೆ ಹೋದರೆ ರಾತ್ರಿಯೇ ಮನೆ. ಇದರಲ್ಲಿ ಯಾರದೂ ತಪ್ಪಿಲ್ಲ. ರೀಜೆಂಟ್ ಹಕ್ಕಿಯ ಕತೆಯಲ್ಲೂ ಯಾವ ಹಕ್ಕಿಯ ತಪ್ಪೂ ಇರಲಿಲ್ಲವಲ್ಲ. ಆ ಕತೆ ಓದಿದಾಗಿನಿಂದ ದಿನಾ ಸಂಜೆ ಊರಿಗೆ ಫೋನು ಹಚ್ಚಿ ಮುತ್ಯಾನ ಕೈಯಲ್ಲಿ ಅವಳಿಗೆ ಒಂದು ಕತೆ ಹೇಳಿಸುತ್ತೇನೆ. ಒಂದು ತಿಂಗಳು ಬರೀ ಕೇಳಿದಳು. ಆಮೇಲೆ ಒಂದು ದಿನ ನಾನು ತಡವಾಗಿ ಬಂದಾಗ ಸೊಂಟಕ್ಕೆ ಕೈಯಿಟ್ಟು, ಕೆಮ್ಮಿ, ಮುತ್ಯಾನ ದನಿಯಲ್ಲೇ ಕೇಳಿದಳು: "ಏ ಹುಡುಗಾ, ಉಂಡಿ ಏನೋ?" ಅವಳ ಬಾಯಿಂದ ನಾನು ಕೇಳಿದ ಮೊದಲ ಪೂರ್ತಿ ಕನ್ನಡ ವಾಕ್ಯ ಅದು. ಅಣಕವೇ ಸರಿ, ಎಲ್ಲರ ಮೊದಲ ಮಾತೂ ಹಾಗೆಯೇ ಹುಟ್ಟಿದ್ದು.

ಸಂಘದ ಗೆಳೆಯರಿಗೆ ಎರಡು ಕೋರಿಕೆ. ಮೊದಲನೆಯದು, ಬೆಳಿಗ್ಗೆ ಅರ್ಧ ತಾಸು ನಿಮ್ಮ ಮನೆಯ ಅಥವಾ ಹಾಸ್ಟೆಲಿನ ಸುತ್ತ ಕಿವಿಗೊಟ್ಟು ನಿಲ್ಲಿ. ಒಂದೇ ಕೊಂಬೆಯಿಂದ ಬಿಡುವಿಲ್ಲದೆ ನಾಲ್ಕಾರು ಹಕ್ಕಿಗಳ ದನಿ ಒಂದಾದ ಮೇಲೊಂದು ಬಂದರೆ ಅಲ್ಲಿ ಅಣಕುಗಾರ ಇದ್ದಾನೆ ಎಂದು ತಿಳಿಯಿರಿ. ಯಾವ ಯಾವ ದನಿ ತೆಗೆದ, ತಾರೀಖು ಯಾವುದು, ಜಾಗ ಯಾವುದು ಎಂದು ಬರೆದಿಡಿ. ಎಲ್ಲ ಕೂಡಿಸಿದರೆ ನಮ್ಮ ಊರಿನದೇ ಒಂದು ಪಟ್ಟಿಯಾದೀತು. ಎರಡನೆಯದು, ನಿಮ್ಮ ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಅವರಿಗೆ ಕೇಳುವಂತೆ ದಿನಾ ಸ್ವಲ್ಪ ಹೊತ್ತು ಕನ್ನಡದಲ್ಲಿ ಗಟ್ಟಿಯಾಗಿ ಮಾತಾಡಿ. ಉತ್ತರ ಬರದಿದ್ದರೂ ಬಿಡಬೇಡಿ. ಅವು ಕೇಳಿಸಿಕೊಳ್ಳುತ್ತಿರುತ್ತವೆ.